ನಮ್ಮ ಸಮುದ್ರ ಕೇಬಲ್ಲಿನಲ್ಲಿ ಖಾಲಿ ಇರುವ ಸೆಕೆಂಡಿಗೆ 10 ಗಿಗಾಬಿಟ್ ಸಾಮರ್ಥ್ಯವನ್ನು ಪುಕ್ಕಟೆ ಕೊಡುತ್ತೇವೆಂದರೂ, ವಿಶ್ವವಿದ್ಯಾಲಯ, ಪ್ರಯೋಗಾಲಯಗಳನ್ನು ಜೋಡಿಸುವ ಸಂಶೋಧನಾ ಜಾಲದವರು ಒಪ್ಪುತ್ತಿಲ್ಲ, ಏಕೆ?

ಅವರು ಹಿಂಜರಿಯುತ್ತಿರುವುದು ಬಹುಶಃ ಕೊನೆಯ ತುಂಡಿಗಾಗಿ. ನಿಮ್ಮ ಸಮುದ್ರ ಕೇಬಲ್ಲಿನ ದಾನ ದಡ ಮುಟ್ಟುವಲ್ಲೇ ನಿಲ್ಲುತ್ತದೆ. ಅಲ್ಲಿಂದ ಅವರ ರೂಟರ್‌ವರೆಗಿನ ಫೈಬರ್, ಕ್ರಾಸ್ ಕನೆಕ್ಟ್‌ನ (ಡೇಟಾ ಸೆಂಟರ್ ಒಳಗೆ ಇಬ್ಬರ ಉಪಕರಣಗಳನ್ನು ಜೋಡಿಸುವ ತಂತಿ) ತಿಂಗಳ ಬಾಡಿಗೆ ಎಲ್ಲ ಅವರ ತಲೆಗೇ ಬೀಳುತ್ತದೆ. ಮೊದಲು ಎರಡೂ ತುದಿಗಳನ್ನು ಸಂಶೋಧನಾ ಜಾಲಗಳು ಕೂಡುವ ಎಕ್ಸ್‌ಚೇಂಜ್ ಇರುವ ಡೇಟಾ ಸೆಂಟರ್‌ಗೇ ಮುಟ್ಟಿಸಿ. ಆಮೇಲೆ ಅವಧಿಯನ್ನು ಬರೆದುಕೊಡಿ. "ಬೇಕೆಂದಾಗ ವಾಪಸ್" ಎಂಬ ಷರತ್ತಿದ್ದರೆ ಯಾರೂ ಅದನ್ನು ನಂಬಿ ವರ್ಷಗಟ್ಟಲೆಯ ಪ್ರಯೋಗ ಹೂಡುವುದಿಲ್ಲ, ಹೂಡಲೂಬಾರದು.

ಐಪಿ ಟ್ರಾನ್ಸಿಟ್ (ನಿಮ್ಮ ಜಾಲದ ಮೂಲಕ ಇಂಟರ್ನೆಟ್ ಸಂಪರ್ಕ) ಬೇಡ, ಎರಡು ತುದಿಗಳ ನಡುವಿನ ನೇರ ಈಥರ್ನೆಟ್ ಕೊಂಡಿಯಾಗಿಯೇ ಕೊಡಿ. 9000 ಬೈಟ್‌ನ ಎಂಟಿಯು (ಒಂದೇ ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) ಇಡೀ ದಾರಿಯಲ್ಲಿ ಹಾದುಹೋಗಬೇಕು. ನಡುವಿನ ಒಂದೇ ಸ್ವಿಚ್ 1500ರಲ್ಲಿ ಉಳಿದರೂ ಸಂಪರ್ಕ ಪರೀಕ್ಷಿಸುವ ಸಣ್ಣ ಪಿಂಗ್ ಸಲೀಸಾಗಿ ಹೋಗುತ್ತದೆ, ದೊಡ್ಡ ಫೈಲ್ ಮಾತ್ರ ಅರ್ಧಕ್ಕೇ ನಿಂತುಬಿಡುತ್ತದೆ. ಒಪ್ಪಿಸುವ ಮುನ್ನ 24 ಗಂಟೆ ಬಿಟ್ ಎರರ್ ಪರೀಕ್ಷೆ (ಕಳಿಸಿದ ಬಿಟ್‌ಗಳಲ್ಲಿ ಎಷ್ಟು ತಪ್ಪಾಗಿ ತಲುಪುತ್ತವೆ ಎಂಬ ಎಣಿಕೆ) ಓಡಿಸಿ, ವರದಿಯನ್ನು ದಾನದ ಪತ್ರದ ಜೊತೆಗೇ ಕಳಿಸಿ.