ಹೊಸ ಕಂಪ್ಯೂಟರಿನಲ್ಲಿ ಹಳೆಯ ಕನ್ನಡ ಕಡತಗಳು

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ವಿಂಡೋಸ್ 7 ಇರುವ ನನ್ನ ಹಳೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಬಳಸಿ ಬೆರಳಚ್ಚು ಮಾಡಿದ ಲೇಖನಗಳು, ಊರಿನ ಇತಿಹಾಸದ ಟಿಪ್ಪಣಿಗಳು, ಮನೆಯವರ ಫೋಟೊ ಮತ್ತು ಮದುವೆಯ ವಿಡಿಯೊಗಳಿವೆ. ಮಗಳು ವಿಂಡೋಸ್ 11ರ ಲ್ಯಾಪ್‌ಟಾಪ್ ಕೊಡಿಸಿದ್ದಾಳೆ. ಪೆನ್‌ಡ್ರೈವಿನಲ್ಲಿ ತಂದ ಲೇಖನಗಳನ್ನು ಅದರಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಒಂದು ವಿಡಿಯೊವಂತೂ ಪೆನ್‌ಡ್ರೈವಿನಲ್ಲಿ ಜಾಗವಿದ್ದರೂ ಕಾಪಿ ಆಗುತ್ತಿಲ್ಲ. ಕಡತಗಳು ಕೆಟ್ಟಿವೆಯೇ?
– ಓದುಗರು, ಶಿರಸಿ

ಉತ್ತರ: ನಿಮ್ಮ ಲೇಖನಗಳು ಕೆಟ್ಟಿಲ್ಲ. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಪದ್ಧತಿ) ಬಳಕೆಗೆ ಬರುವ ಮುಂಚಿನ ನುಡಿ, ಬರಹ, ಶ್ರೀಲಿಪಿಯಂತಹ ತಂತ್ರಾಂಶಗಳು ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳಲ್ಲಿಯೇ ಇರಿಸುತ್ತಿದ್ದವು. ಆ ಸಂಕೇತಗಳಿಗೆ ಕನ್ನಡದ ರೂಪ ಕೊಡುತ್ತಿದ್ದುದು ಫಾಂಟ್ ಮಾತ್ರ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲದ ಕಾರಣ ಒಳಗಿನ ಸಂಕೇತಗಳು ಇದ್ದಂತೆಯೇ ಕಾಣುತ್ತಿವೆ. ಹಳೆಯ ಕಂಪ್ಯೂಟರಿನ ಸಿ ಡ್ರೈವಿನಲ್ಲಿ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಎಂಬ ಫೋಲ್ಡರ್ ಇದೆ. ಅಲ್ಲಿರುವ ನುಡಿ ಫಾಂಟ್‌ಗಳನ್ನು ಕಾಪಿ ಮಾಡಿ ತಂದು, ಹೊಸದರಲ್ಲಿ ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಆಯ್ಕೆ ಮಾಡಿದರೆ ಲೇಖನಗಳು ಮೊದಲಿನಂತೆ ಓದಲು ಸಿಗುತ್ತವೆ.

ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ ಎಂದು ಒತ್ತಿ ಹೇಳುತ್ತೇನೆ. ಫಾಂಟನ್ನೇ ನಂಬಿಕೊಂಡ ಬರಹವನ್ನು ಮೊಬೈಲಿನಲ್ಲಿ ಓದಲಾಗುವುದಿಲ್ಲ, ಅದರೊಳಗೆ ಕನ್ನಡ ಪದವೊಂದನ್ನು ಹುಡುಕಲಾಗುವುದಿಲ್ಲ. ಮುಂದೊಂದು ದಿನ ಮೊಮ್ಮಕ್ಕಳು ಆ ಕಡತವನ್ನು ತೆರೆದರೆ ಅದು ಕನ್ನಡವೆಂದೇ ಅವರಿಗೆ ತಿಳಿಯದೆ ಹೋಗಬಹುದು. ಊರಿನ ಇತಿಹಾಸದ ಟಿಪ್ಪಣಿಗಳಿಗೆ ಆ ಗತಿ ಬರಬಾರದು. ಆದ್ದರಿಂದ ಪರಿವರ್ತಕ ತಂತ್ರಾಂಶದ ಮೂಲಕ ಅವನ್ನು ಯೂನಿಕೋಡ್‌ಗೆ ಬದಲಿಸಿ ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಕಡತವನ್ನೂ ಹಾಗೆಯೇ ಇಟ್ಟುಕೊಳ್ಳಿ. ಪರಿವರ್ತನೆಯಾದ ಮೇಲೆ ಒಮ್ಮೆ ಓದಿ ನೋಡುವುದು ಅಗತ್ಯ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತಿತ್ತು. ಯೂನಿಕೋಡ್‌ನಲ್ಲಿ ರಕಾರವೇ ಮೊದಲು ಬರುತ್ತದೆ. ಹಾಗಾಗಿ ಧರ್ಮ, ವರ್ಷ, ಕಾರ್ಯ ಮುಂತಾದ ಪದಗಳಲ್ಲಿ ತಪ್ಪು ನುಸುಳಬಹುದು. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡದ ತುಣುಕುಗಳಾಗಿ ಕಲಸಿಹೋಗುವುದುಂಟು. ಹೋಲಿಸಿ ನೋಡಲು, ಮುಖ್ಯ ಲೇಖನಗಳನ್ನು ಹಳೆಯ ಕಂಪ್ಯೂಟರಿನಲ್ಲಿಯೇ ಪಿಡಿಎಫ್ ಆಗಿಯೂ ಉಳಿಸಿ. ಪಿಡಿಎಫ್‌ನೊಳಗೆ ಫಾಂಟ್ ಸೇರಿಕೊಳ್ಳುವುದರಿಂದ ಅದು ಎಲ್ಲಿಯಾದರೂ ಸರಿಯಾಗಿ ಕಾಣುತ್ತದೆ.

ವಿಡಿಯೊದ ತೊಡಕಿಗೆ ಕಾರಣ ಬಹುತೇಕ ಪೆನ್‌ಡ್ರೈವಿನ ಫಾರ್ಮ್ಯಾಟ್. ಫ್ಯಾಟ್32 ಪದ್ಧತಿಯಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತವನ್ನು ಇಡಲಾಗದು. ಪೆನ್‌ಡ್ರೈವಿನಲ್ಲಿರುವುದನ್ನು ಬೇರೆಡೆಗೆ ಕಾಪಿ ಮಾಡಿಕೊಂಡು, ಅದನ್ನು ಆ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ಪದ್ಧತಿಗೆ ಫಾರ್ಮ್ಯಾಟ್ ಮಾಡಿ. ಎರಡೂ ಕಂಪ್ಯೂಟರುಗಳು ಅದನ್ನು ಓದಬಲ್ಲವು.

ಸಾಗಿಸುವಾಗ ಕಟ್ ಮಾಡದೆ ಕಾಪಿಯನ್ನೇ ಮಾಡಿ. ನಡುವೆ ಕರೆಂಟು ಹೋದರೂ ಮೂಲ ಉಳಿದಿರುತ್ತದೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮಾತ್ರವಲ್ಲದೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಹಾಗೂ ಡಿ ಡ್ರೈವನ್ನೂ ನೋಡಿ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ಕಡತಗಳ ಸಂಖ್ಯೆ ಮತ್ತು ಗಾತ್ರ ಒಂದೇ ಇವೆಯೇ ಎಂದು ಪರಿಶೀಲಿಸಿ. ಹೊಸದರಲ್ಲಿ ಫೋಟೊಗಳ ಮೇಲೆ ಇಂದಿನ ದಿನಾಂಕ ಕಂಡರೆ ಗಾಬರಿ ಬೇಡ. ಅದು ಕಾಪಿ ಮಾಡಿದ ದಿನ. ಕ್ಯಾಮೆರಾ ದಾಖಲಿಸಿದ ದಿನಾಂಕ ಫೋಟೊದೊಳಗೆ ಹಾಗೆಯೇ ಇರುತ್ತದೆ.

ಹಳೆಯ ಕಂಪ್ಯೂಟರನ್ನು ಯಾರಿಗಾದರೂ ಕೊಡುವ ಯೋಚನೆಯಿದ್ದರೆ ಅದರ ಹಾರ್ಡ್ ಡಿಸ್ಕ್ ತೆಗೆಸಿ ನಿಮ್ಮಲ್ಲಿಯೇ ಇರಿಸಿಕೊಳ್ಳಿ. ಯುಎಸ್‌ಬಿ ಕೇಸಿಗೆ ಹಾಕಿದರೆ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಬಿಟ್ಟುಹೋದ ಕಡತವಿದ್ದರೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು.