ಸರ್ಟಿಫಿಕೇಟಿನ ಫೈಲು ದಪ್ಪ ಇದ್ದರ ಸೀಟು ಸಿಗ್ತದೇನ್ರಿ?

ಪ್ರಶ್ನೆ: ಮಗಳು 9ನೇತ್ತ ಓದಾಕತ್ತಾಳ. ಭರತನಾಟ್ಯ, ಕರಾಟೆ, ಅಬ್ಯಾಕಸ್, ಚೆಸ್, ಡ್ರಾಯಿಂಗ್ ಅಂತ ಐದು ಕ್ಲಾಸಿಗೆ ಹಚ್ಚೇವಿ. ಮುಂದ ಸಿಇಟಿಗೆ ಇವು ಉಪಯೋಗಕ್ಕ ಬರ್ತಾವೇನ್ರಿ? ಆಕಿ ಅಮೆರಿಕದ ಕಾಲೇಜಿಗೂ ಅರ್ಜಿ ಹಾಕ್ತೀನಿ ಅಂತಾಳ.
— ಒಬ್ಬ ತಾಯಿ, ಸಪ್ತಾಪುರ, ಧಾರವಾಡ

ಉತ್ತರ: ಸಿಇಟಿಗೆ ಬರುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಅರ್ಧ, ಸಿಇಟಿ ಅಂಕ ಅರ್ಧ. ನೃತ್ಯಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್-ಗೈಡ್ಸ್ ಕೋಟಾ ಉಂಟು, ಆದರೆ ಸೀಟು ತೀರಾ ಕಡಿಮೆ. ತಾಲ್ಲೂಕು ಮಟ್ಟದಲ್ಲಿ ಭಾಗವಹಿಸಿದ ಪ್ರಮಾಣಪತ್ರ ಹಿಡಿದು ಅದನ್ನು ನೆಚ್ಚಿ ಕೂರಬೇಡಿ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿನ ಬಹಳಷ್ಟು ಕಾಲೇಜುಗಳು ಒಪ್ಪುವ ‘ಕಾಮನ್ ಆ್ಯಪ್’ ಅರ್ಜಿಯಲ್ಲಿ ಹೆಚ್ಚೆಂದರೆ 10 ಚಟುವಟಿಕೆ ತುಂಬಬಹುದು. 9ರಿಂದ 12ರೊಳಗೆ ಯಾವ ಯಾವ ತರಗತಿಯಲ್ಲಿ ಮಾಡಿದಿರಿ, ವಾರಕ್ಕೆ ಎಷ್ಟು ತಾಸು, ವರ್ಷಕ್ಕೆ ಎಷ್ಟು ವಾರ ಎಂದು ಪ್ರತಿಯೊಂದಕ್ಕೂ ಕೇಳುತ್ತಾರೆ. ವಿವರಣೆಗೆ ಸಿಗುವುದು ಇಂಗ್ಲಿಷಿನ 150 ಅಕ್ಷರ, ನಡುವಿನ ಖಾಲಿ ಜಾಗವೂ ಅದರಲ್ಲೇ ಬಂತು. ನಮ್ಮ ಕಡೆಯ ಮಕ್ಕಳು ಎಡವುವುದು ಇಲ್ಲೇ. 10ನೇತ್ತ ಬಂತೆಂದರೆ ಎಲ್ಲ ಕ್ಲಾಸೂ ಬಂದ್. ಆಮೇಲೆ ಪಿಯುಸಿ ಜೊತೆ ಜೆಇಇ ಕೋಚಿಂಗು. ನಾಲ್ಕು ವರ್ಷದಲ್ಲಿ ಮೂರು ಖಾಲಿ, 9ನೇತ್ತದ ಒಂದು ವರ್ಷದಲ್ಲಿ ಐದು ಕ್ಲಾಸು!

ಹಾಗಾಗಿ ಪಿಯುಸಿಯಲ್ಲೂ ವಾರಕ್ಕೆ ತಲಾ 3 ತಾಸು ಉಳಿಸಿಕೊಳ್ಳಬಲ್ಲಂಥ ಎರಡನ್ನು ಆರಿಸಿ. ವರ್ಷಕ್ಕೆ 40 ವಾರ ಹಿಡಿದರೂ ಒಂದೊಂದಕ್ಕೆ 120 ತಾಸಾಯಿತು. ಅಬ್ಯಾಕಸ್ ಇವತ್ತೇ ಬಿಡಿಸಿ. ಉಳಿದವುಗಳಲ್ಲಿ ಸರ್ಟಿಫಿಕೇಟ್ ಕೊಡದಿದ್ದರೂ ಆಕೆ ಯಾವುದಕ್ಕೆ ಹೋಗುತ್ತಾಳೋ ಅದು ಇರಲಿ. ಬ್ರಿಟನ್ನಿಗೂ ಹಾಕುವುದಿದ್ದರೆ ನೆನಪಿರಲಿ: ಅಲ್ಲಿ ಆರಿಸಿದ ವಿಷಯಕ್ಕೆ ಸಂಬಂಧಪಟ್ಟ ಓದು, ಕೆಲಸಕ್ಕೇ ಹೆಚ್ಚು ಬೆಲೆ.

ಪ್ರಶ್ನೆ: ನಮ್ಮದು ಶಿರಹಟ್ಟಿ ಕಡೆ ಹಳ್ಳಿ. ಇಲ್ಲಿ ಯಾವ ಕ್ಲಬ್ಬೂ ಇಲ್ಲ, ಕ್ಲಾಸೂ ಇಲ್ಲ. ಸಾಲಿ ಬಿಟ್ಟ ಮ್ಯಾಲೆ ಅಪ್ಪನ ಕಿರಾಣಿ ಅಂಗಡ್ಯಾಗ ಕೂಡ್ತೀನಿ. ಅರ್ಜ್ಯಾಗ ಏನ್ ಬರೀಲಿ?
— ವಿದ್ಯಾರ್ಥಿ, ಗದಗ ಜಿಲ್ಲೆ

ಉತ್ತರ: ಅಂಗಡಿಯನ್ನೇ ಬರೆಯಪ್ಪ. ದುಡಿಮೆ, ಮನೆಯ ಜವಾಬ್ದಾರಿ ಎರಡಕ್ಕೂ ಕಾಮನ್ ಆ್ಯಪ್‌ನಲ್ಲಿ ಪ್ರತ್ಯೇಕ ವಿಭಾಗವಿದೆ. ‘ಅಪ್ಪನಿಗೆ ನೆರವು’ ಎಂದಷ್ಟೇ ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. ‘ಉದ್ರಿ ಖಾತೆ ಬರೆಯುವೆ; ವಾರದ ಸಂತೆಗೆ ಮುಂಚೆ ದಾಸ್ತಾನು ಎಣಿಸಿ ಖರೀದಿ ಪಟ್ಟಿ ಮಾಡುವೆ’ ಎಂದರೆ ಕಾಣುತ್ತದೆ. ಎಷ್ಟು ಗಿರಾಕಿಗಳ ಖಾತೆ, ವಾರಕ್ಕೆ ಎಷ್ಟು ತಾಸು ಎಂಬ ನಿಜವಾದ ಸಂಖ್ಯೆ ಹಾಕು.

ಇನ್ನೊಂದು ಬೇಕಿದ್ದರೆ ಮಾಗಡಿ ಕೆರೆ ನಿಮ್ಮ ತಾಲ್ಲೂಕಿನಲ್ಲೇ ಇದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬಂದಿಳಿಯುವ ಜಾಗ. ವಾರಕ್ಕೊಮ್ಮೆ, ವಾರದ ಅದೇ ದಿನ, ಅದೇ ಹೊತ್ತು, ದಂಡೆಯ ಅದೇ ಜಾಗದಲ್ಲಿ ನಿಂತು ಎಣಿಸು. ಹೊತ್ತು ಬದಲಾದರೆ ಲೆಕ್ಕ ಕೆಟ್ಟಿತು, ಏಕೆಂದರೆ ಹಕ್ಕಿಗಳು ಮೇಯಲು ಹೊಲಗಳಿಗೆ ಹೋಗಿಬರುತ್ತವೆ. ತಾರೀಖು, ಶುರುವಾದ ಸಮಯ, ಎಷ್ಟು ನಿಮಿಷ, ಯಾವ ಹಕ್ಕಿ ಎಷ್ಟು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದು ಆವತ್ತೇ ‘ಇ-ಬರ್ಡ್’ ಆ್ಯಪಿಗೆ ಹಾಕು. ಅದಕ್ಕೆ ದುಡ್ಡಿಲ್ಲ, ತಾರೀಖಿನ ಸಮೇತ ದಾಖಲೆ ಉಳಿಯುತ್ತದೆ. ಎರಡು ಚಳಿಗಾಲದ ಎಣಿಕೆ ಕೈಯಲ್ಲಿದ್ದರೆ 150 ಅಕ್ಷರವೇ ಸಾಲದು ಅನ್ನಿಸೀತು.

ಪ್ರಶ್ನೆ: ಮಗ ಹೈಸ್ಕೂಲಿನಲ್ಲಿ ಎನ್‌ಸಿಸಿ ಸೇರಿದ್ದಾನೆ. ಮುಂದುವರಿಸಬೇಕೇ?
— ಓದುಗರು, ಹಾವೇರಿ

ಉತ್ತರ: ಅರ್ಧಕ್ಕೆ ಬಿಟ್ಟರೆ ಕೈಗೆ ಏನೂ ಬರುವುದಿಲ್ಲ. ಹೈಸ್ಕೂಲಿನಲ್ಲಿ ಸಿಗುವ ‘ಎ’ ಸರ್ಟಿಫಿಕೇಟಿಗೆ ಎರಡು ವರ್ಷದ ತರಬೇತಿ, ಪರೇಡಿನಲ್ಲಿ ಶೇ 75 ಹಾಜರಿ, ಜೊತೆಗೆ ಕ್ಯಾಂಪು ಬೇಕು. ಮದುವೆ, ಜಾತ್ರೆ ಅಂತ ಕ್ಯಾಂಪ್ ತಪ್ಪಿಸಿದ ಹುಡುಗರು ಪರೀಕ್ಷೆಗೆ ಕೂರಲಾಗದೆ ಒದ್ದಾಡುತ್ತಾರೆ. ‘ಬಿ’ ಸರ್ಟಿಫಿಕೇಟ್ ಕಾಲೇಜು ಮಟ್ಟದ ಸೀನಿಯರ್ ಘಟಕದಲ್ಲಿ ಮಾತ್ರ, ಅದು ಎಲ್ಲ ಪಿಯು ಕಾಲೇಜುಗಳಲ್ಲೂ ಇರುವುದಿಲ್ಲ. ಫೀ ತುಂಬುವ ಮೊದಲೇ ಆಫೀಸಿನಲ್ಲಿ ಕೇಳಿ: ಘಟಕ ಇದೆಯೇ, ಪ್ರಥಮ ಪಿಯುಸಿಯವರನ್ನು ತಗೊಳ್ಳುತ್ತಾರೆಯೇ, ಪರೇಡಿನ ಹೊತ್ತಿಗೂ ಕೋಚಿಂಗ್ ಹೊತ್ತಿಗೂ ಡಿಕ್ಕಿ ಆಗುತ್ತದೆಯೇ?