ಬಾಯಿಯ ಸುತ್ತ ಬಿಳಿ ಕಂಡರೆ ಮೊದಲು ಹೀಟರ್ ಇಳಿಸಿ

ದಯವಿಟ್ಟು ಮೊದಲು ಮೀನಿನ ತೊಟ್ಟಿಯ ಹೀಟರನ್ನು 30 ಡಿಗ್ರಿಯಿಂದ ಇಳಿಸಲು ಆರಂಭಿಸಿ; ಉಳಿದದ್ದನ್ನು ಆಮೇಲೆ ಓದಬಹುದು. ಗಪ್ಪಿ ಮೀನುಗಳ ಬಾಯಿಯ ಸುತ್ತ ಮತ್ತು ಬೆನ್ನಿನ ಮೇಲೆ ಬಿಳಿ ಬಂದಿದೆ, ಬಿಳಿಚುಕ್ಕೆ ರೋಗದ ಔಷಧಿ ಹಾಕಿ ನೀರಿನ ಬಿಸಿ ಏರಿಸಿದರೂ ಗುಣ ಕಾಣುತ್ತಿಲ್ಲ, ಇದಕ್ಕಿಂತ ಬಲವಾದ ಔಷಧಿ ಯಾವುದು ಎಂದು ಕೇಳಿದ್ದೀರಿ. ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ನಾನೂ ಒಮ್ಮೆ ಕೇಳಿದ್ದೆ. ಆಗ ನನಗೆ ಸಿಕ್ಕಿದ್ದು ಔಷಧಿಗಳ ಹೆಸರುಗಳು ಮಾತ್ರ; ರೋಗ ಯಾವುದೆಂದು ಯಾರೂ ವಿಚಾರಿಸಲಿಲ್ಲ, ನಾನೂ ಯೋಚಿಸಲಿಲ್ಲ.

ನನ್ನ ತೊಟ್ಟಿಯಲ್ಲಿ ಮೊದಲು ಮಂಕಾದದ್ದು ಒಂದು ಹೆಣ್ಣು ಗಪ್ಪಿ. ಅದರ ಮೇಲ್ತುಟಿಯ ಅಂಚು ಬೆಳ್ಳಗಾಗಿತ್ತು, ಅಷ್ಟೇ. ಮರುದಿನ ಬೆನ್ನಿನ ರೆಕ್ಕೆಯ ಬುಡದಲ್ಲಿ ಮೈಬಣ್ಣ ಮಾಸಿ, ಕುದುರೆಗೆ ಜೀನು ಹಾಕಿದ ಹಾಗೆ ಎರಡೂ ಪಕ್ಕಕ್ಕೆ ಇಳಿದ ಬೂದು ಬಣ್ಣದ ಪಟ್ಟೆ ಕಾಣಿಸಿತು. ಮೀನಿನ ಮೇಲೆ ಬಿಳಿ ಕಂಡರೆ ಅದು ಬಿಳಿಚುಕ್ಕೆ ರೋಗ, ಬಿಳಿಚುಕ್ಕೆಗೆ ಬಿಸಿಯೇ ಮದ್ದು ಎಂಬ ಎರಡು ಮಾತುಗಳು ತಲೆಯಲ್ಲಿ ಕುಳಿತಿದ್ದರಿಂದ ನಾನು ಹೀಟರ್ ಏರಿಸಿದೆ. ನೀರು ಬಿಸಿಯಾದಂತೆ ಪಟ್ಟೆ ಬೇಗಬೇಗನೆ ಹರಡಿತು. ಔಷಧಿ ಸಾಲಲಿಲ್ಲವೆಂದು ಬಗೆದು ಪ್ರಮಾಣ ಹೆಚ್ಚಿಸಿದೆ, ಇನ್ನೊಂದು ಔಷಧಿಯನ್ನೂ ಸೇರಿಸಿದೆ. ಕೊನೆಗೆ ಆ ತೊಟ್ಟಿಯಲ್ಲಿ ಒಂದು ಗಪ್ಪಿಯೂ ಉಳಿಯಲಿಲ್ಲ. ಔಷಧಿಯ ಆಯ್ಕೆಗಿಂತ ಹೀಟರಿನ ಗುಂಡಿಯನ್ನು ತಿರುಗಿಸಿದ್ದೇ ಅವುಗಳನ್ನು ಕೊಂದಿತು ಎಂದು ಈಗ ನನಗೆ ಖಚಿತವಾಗಿದೆ. ಅದು ಏಕೆ ಎಂಬುದನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ.

ಬಿಳಿಚುಕ್ಕೆ ರೋಗವನ್ನು ತರುವುದು ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಪರಾವಲಂಬಿ. ಅದು ಮೀನಿನ ಚರ್ಮದ ಪದರದೊಳಗೆ ಕುಳಿತು ಬೆಳೆಯುತ್ತದೆ; ಅಲ್ಲಿರುವಷ್ಟು ಕಾಲ ಯಾವ ಔಷಧಿಯೂ ಅದನ್ನು ತಟ್ಟುವುದಿಲ್ಲ. ಬಲಿತ ಮೇಲೆ ಕಳಚಿಕೊಂಡು ತೊಟ್ಟಿಯ ತಳಕ್ಕೆ ಬಿದ್ದು, ಕೋಶ ಕಟ್ಟಿಕೊಂಡು, ಒಳಗೇ ಒಡೆದು ನೂರಾರು ಮರಿಗಳಾಗಿ ಹೊರಬರುತ್ತದೆ. ಈ ಮರಿಗಳು ಹೊಸ ಮೀನನ್ನು ಹುಡುಕುತ್ತಾ ನೀರಿನಲ್ಲಿ ಈಜುವ ಅಲ್ಪ ಅವಧಿಯಲ್ಲಿ ಮಾತ್ರ ಔಷಧಿ ಅವುಗಳನ್ನು ಕೊಲ್ಲಬಲ್ಲದು. ತಣ್ಣನೆಯ ನೀರಿನಲ್ಲಿ ಈ ಚಕ್ರ ವಾರಗಟ್ಟಲೆ ಎಳೆಯುತ್ತದೆ, ಬೆಚ್ಚನೆಯ ನೀರಿನಲ್ಲಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬಿಸಿ ಏರಿಸುವುದರ ಉದ್ದೇಶ ಪರಾವಲಂಬಿಯನ್ನು ಬೇಗ ಚರ್ಮದಿಂದ ಹೊರಗೆ ಬರಿಸಿ ಔಷಧಿಯ ಕೈಗೆ ಸಿಗುವಂತೆ ಮಾಡುವುದು. ಆ ರೋಗಕ್ಕೆ ಅದು ಒಳ್ಳೆಯ ಉಪಾಯವೇ.

ನೀವು ವರ್ಣಿಸಿದ್ದು ಆ ರೋಗದಂತೆ ಕಾಣುತ್ತಿಲ್ಲ. ಬಿಳಿಚುಕ್ಕೆಯು ಉಪ್ಪಿನ ಹರಳಿನಷ್ಟು ದೊಡ್ಡದಾದ, ಬಿಡಿಬಿಡಿಯಾಗಿ ಎದ್ದು ನಿಂತ ಚುಕ್ಕೆಗಳಾಗಿ ಬರುತ್ತದೆ. ಒಂದೊಂದು ಚುಕ್ಕೆ ಸುಮಾರು 1 ಮಿಲಿಮೀಟರಿನ ಒಳಗೇ ಇರುತ್ತದೆ. ಬಾಯಿಯ ಸುತ್ತ ಪೊರೆಯಂತೆ ಹಬ್ಬುವ, ಬೆನ್ನಿನ ಮೇಲೆ ಪಟ್ಟೆಯಾಗಿ ಇಳಿಯುವ ಬಿಳಿ ಹೆಚ್ಚಿನ ಸಂದರ್ಭಗಳಲ್ಲಿ ಕಾಲಮ್ನಾರಿಸ್, ಅಂದರೆ ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನೇರ್ ಎಂಬ ಬ್ಯಾಕ್ಟೀರಿಯಾದ ಸೋಂಕು. ಅನೇಕರು ಇದನ್ನು ಬಾಯಿಯ ಬೂಷ್ಟು ಎಂದು ಕರೆದು ಬೂಷ್ಟಿನ ಔಷಧಿ ಹಾಕುತ್ತಾರೆ, ಅದೂ ತಪ್ಪೇ. ನಿಜವಾದ ಬೂಷ್ಟು ಸಾಮಾನ್ಯವಾಗಿ ಮೊದಲೇ ಗಾಯವಾದ ಜಾಗದಲ್ಲಿ ಹತ್ತಿಯಂತೆ ಉದ್ದುದ್ದವಾಗಿ ಬೆಳೆಯುತ್ತದೆ. ಬೆಚ್ಚನೆಯ ನೀರೆಂದರೆ ಕಾಲಮ್ನಾರಿಸ್‌ಗೆ ಹಬ್ಬ: ಬಿಸಿ ಏರಿದಂತೆ ಅದು ವೇಗವಾಗಿ ವೃದ್ಧಿಯಾಗುತ್ತದೆ, ಉಗ್ರ ತಳಿಯಾದರೆ ಒಂದೆರಡು ದಿನಗಳಲ್ಲೇ ಮೀನನ್ನು ಮುಗಿಸುತ್ತದೆ. ಸಾಲದ್ದಕ್ಕೆ ಈ ಬ್ಯಾಕ್ಟೀರಿಯಾ ಕಿವಿರುಗಳನ್ನೂ ಕೊಳೆಸುತ್ತದೆ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದಾದರೆ, 30 ಡಿಗ್ರಿಯಲ್ಲಿ ಅದು ಸುಮಾರು 7.6ಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಬಿಸಿಯಿಂದಾಗಿ ಮೀನಿನ ಆಮ್ಲಜನಕದ ಅಗತ್ಯ ಏರಿರುತ್ತದೆ. ಕಿವಿರು ಕೆಟ್ಟ ಮೀನಿಗೆ ನಾನು ಮಾಡಿದ್ದು ಇದನ್ನೇ: ರೋಗಕ್ಕೆ ಬಲ ಕೊಟ್ಟು, ಮೀನಿನ ಉಸಿರನ್ನು ಕಿತ್ತುಕೊಂಡೆ.

ಆದ್ದರಿಂದ ಬಲವಾದ ಔಷಧಿ ಯಾವುದು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಂಜೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಒಂದೇ ಮೀನನ್ನು ಸಾವಧಾನವಾಗಿ ನೋಡಿ. ಚುಕ್ಕೆಗಳು ಮೈಯಿಂದ ಎದ್ದಿವೆಯೇ, ಬಿಳಿಯ ಅಂಚು ಹಳದಿಯಾಗಿದೆಯೇ, ರೆಕ್ಕೆಗಳು ಹರಿದು ಸವೆದಿವೆಯೇ, ಕಿವಿರಿನ ಮುಚ್ಚಳ ಎಷ್ಟು ಬೇಗ ಆಡುತ್ತಿದೆ ಎಂಬುದನ್ನು ಗಮನಿಸಿ. ಮೈಮೇಲೆ ಚಿನ್ನದ ಪುಡಿ ಎರಚಿದಂತಹ ಹೊಳಪು ಕಂಡರೆ ಅದು ವೆಲ್ವೆಟ್ ಎಂಬ ಬೇರೆಯೇ ರೋಗ. ಗೋಲ್ಡ್‌ಫಿಶ್ ಸಾಕುವವರು ಓದುತ್ತಿದ್ದರೆ ಒಂದು ಮಾತು: ಗಂಡು ಮೀನಿನ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಸಾಲಾಗಿ ಬಿಳಿ ಗುಳ್ಳೆಗಳಿದ್ದರೆ ಅದು ಸಂತಾನಕಾಲದ ಲಕ್ಷಣ, ರೋಗವಲ್ಲ; ಅದಕ್ಕೆ ಔಷಧಿ ಹಾಕಿ ಆರೋಗ್ಯವಂತ ಮೀನನ್ನು ಪೀಡಿಸಬೇಡಿ.

ನೀರಿನ ಪರೀಕ್ಷೆಯನ್ನೂ ಇಂದೇ ಮಾಡಿ. ಮೀನಿನ ಹೊಲಸಿನಿಂದ ಹುಟ್ಟುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಕ್ಲೋರಿನ್ ತೆಗೆದ, ಅದೇ ಬಿಸಿಯ ನೀರಿನಿಂದ ಕಾಲು ಭಾಗದಷ್ಟನ್ನು ಬದಲಿಸಿ. ನೀರು ಕೆಟ್ಟಿರುವಾಗ ಯಾವ ಔಷಧಿಯೂ ಹಿಡಿಯುವುದಿಲ್ಲ. ಮೆಥಿಲಿನ್ ಬ್ಲೂ ಅಂತಹ ಔಷಧಿಗಳು ಅಮೋನಿಯಾವನ್ನು ಕಳೆಯುವ ಫಿಲ್ಟರಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ಕೊಂದು ಅಮೋನಿಯಾವನ್ನು ಇನ್ನೂ ಏರಿಸಬಲ್ಲವು.

ಲಕ್ಷಣಗಳು ಕಾಲಮ್ನಾರಿಸ್‌ಗೆ ಹೊಂದಿದರೆ, ಬಿಸಿಯನ್ನು ಕೆಲವು ಗಂಟೆಗಳಿಗೊಮ್ಮೆ ಒಂದೊಂದೇ ಡಿಗ್ರಿಯಂತೆ 24ಕ್ಕೆ ಇಳಿಸಿ. ಗಪ್ಪಿಗೆ ಅದು ಹಿತವಾದ ಬಿಸಿಯೇ. ಏರ್ ಪಂಪನ್ನು ಪೂರ್ತಿ ಓಡಿಸಿ. ರೋಗಿ ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಿ, ಮೀನುಗಳನ್ನು ಬಲ್ಲ ಪಶುವೈದ್ಯರನ್ನು ಕೇಳಿ ಆಂಟಿಬಯೋಟಿಕ್ ಆರಂಭಿಸಿ. ಇದು ಗ್ರಾಂ-ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾ ಆದ್ದರಿಂದ ಆ ಗುಂಪಿನ ಮೇಲೆ ಕೆಲಸ ಮಾಡುವ ಔಷಧಿಯೇ ಬೇಕು. ಬಾಯಿ ಹುಣ್ಣಾದ ಮೀನು ತಿನ್ನುವುದಿಲ್ಲ, ಹಾಗಾಗಿ ಆಹಾರದಲ್ಲಿ ಬೆರೆಸಿ ಕೊಡುವುದಕ್ಕಿಂತ ನೀರಿಗೆ ಹಾಕುವ ಔಷಧಿ ಮೇಲು. ಈಗಾಗಲೇ ಹಾಕಿರುವ ಬಿಳಿಚುಕ್ಕೆಯ ಔಷಧಿಯನ್ನು ನೀರು ಬದಲಿಸಿ, ಫಿಲ್ಟರಿನಲ್ಲಿ ಹೊಸ ಇದ್ದಿಲು ಇಟ್ಟು ತೆಗೆದುಹಾಕಿ. ಆಂಟಿಬಯೋಟಿಕ್ ಹಾಕುವ ಮುನ್ನ ಆ ಇದ್ದಿಲನ್ನು ಮರೆಯದೆ ಹೊರತೆಗೆಯಿರಿ, ಇಲ್ಲವಾದರೆ ಅದು ಹೊಸ ಔಷಧಿಯನ್ನೂ ಹೀರಿಬಿಡುತ್ತದೆ. ಎಲ್ಲ ರೋಗಕ್ಕೂ ಒಂದೇ ಎಂದು ಮಾರುವ ಸೀಸೆಗಳ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ರೋಗಿ ಮೀನಿಗೆ ಬಳಸಿದ ಬಲೆಯನ್ನು ಇನ್ನೊಂದು ತೊಟ್ಟಿಗೆ ಅದ್ದಬೇಡಿ.

ಇಷ್ಟಾದ ಮೇಲೂ ಸಂಶಯ ಉಳಿದರೆ ಒಂದು ಚಿತ್ರ ಹಾಕಿ. ಮೇಲಿನಿಂದ ತೆಗೆದದ್ದು ಪ್ರಯೋಜನಕ್ಕೆ ಬಾರದು. ಗಾಜಿನ ಪಕ್ಕದಿಂದ, ಬಾಯಿ ಮತ್ತು ಬೆನ್ನಿನ ರೆಕ್ಕೆ ಎರಡೂ ಕಾಣುವಂತೆ ತೆಗೆಯಿರಿ. ಜೊತೆಗೆ ಈಗಿನ ಬಿಸಿ, ಅಮೋನಿಯಾ ಮತ್ತು ನೈಟ್ರೈಟಿನ ಅಂಕಿ, ಇದುವರೆಗೆ ಹಾಕಿದ ಔಷಧಿಗಳ ಹೆಸರು ಹಾಗೂ ಪ್ರಮಾಣ ಇವನ್ನು ತಿಳಿಸಿ, ನೋಡಿ ಹೇಳುತ್ತೇನೆ.